ಮುತ್ಯಾನ ಬಸ್ಕಿ, ಮಗಳ ಹಗ್ಗ

ಹೋದ ವರ್ಷ ಜೂನ್‌ನಲ್ಲಿ ನನ್ನ ಮಗಳು ಒಂಬತ್ತನೇ ಕ್ಲಾಸಿಗೆ ಬಂದಳು. ಅದೇ ವಾರ ನನ್ನ ಅಕ್ಕನ ಮಗ ಬೀದರ್‌ನಿಂದ ಬಂದು ಕಲಬುರಗಿಯ ನಮ್ಮ ಮನೆ ಸೇರಿದ. ಪಿಯುಸಿ ಸೈನ್ಸ್, ಜೊತೆಗೆ ನೀಟ್ ಕೋಚಿಂಗ್. ಹರೆಯದ ಎರಡು ಮಕ್ಕಳು ಒಂದೇ ಮನೆಯಲ್ಲಿದ್ದರೆ ದಿನಾ ಗಲಾಟೆ ಅಂದುಕೊಂಡಿದ್ದೆ. ಆದರೆ ಮನೆ ಮೊದಲಿಗಿಂತ ಸುಮ್ಮನಾಯಿತು. ಕಾಲೇಜು, ಸ್ಕೂಲು, ಸಂಜೆ ಕೋಚಿಂಗ್, ರಾತ್ರಿ ಪುಸ್ತಕ, ಪುಸ್ತಕದ ಮಧ್ಯೆ ಮೊಬೈಲ್. ಕೂತು ಓದುವುದು, ಕೂತು ಉಣ್ಣುವುದು, ಕೂತಲ್ಲೇ ತೂಕಡಿಸುವುದು. "ಮಕ್ಕಳು ಭಾಳ ಶಾಣ್ಯಾ ಅದಾವ, ಹೊರಗ ಅಡ್ಡಾಡಂಗಿಲ್ಲ" ಅಂತ ಓಣಿಯವರು ಹೊಗಳಿದಾಗ ನನಗೂ ಖುಷಿಯೇ ಆಗುತ್ತಿತ್ತು.

ಆ ಖುಷಿ ಹೋಗಿದ್ದು ಎರಡು ಸಣ್ಣ ವಿಷಯಗಳಿಂದ.

ಮೊದಲನೆಯದು ಹುಡುಗನ ಕತ್ತು. ಹಿಂಭಾಗದಲ್ಲಿ ಒಂದು ಕಪ್ಪು ಪಟ್ಟಿ. ಸರಿಯಾಗಿ ತಿಕ್ಕಿ ಜಳಕ ಮಾಡಲ್ಲ ಅಂತ ನಾನು ಬೈದೆ. ಒಂದು ಭಾನುವಾರ ಕೂರಿಸಿ ಕಡಲೆ ಹಿಟ್ಟು, ಮೊಸರು ಹಚ್ಚಿ ನಾನೇ ಉಜ್ಜಿದೆ. "ಚಿಗವ್ವ, ಉರಿತದ, ಬಿಡು" ಅಂದರೂ ಬಿಡಲಿಲ್ಲ. ಕೆಂಪಾಯಿತೇ ಹೊರತು ಕಪ್ಪು ಹೋಗಲಿಲ್ಲ. ಒಂದು ದಿನ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಕತ್ತು ನೋಡಿದರು, ಹೊಟ್ಟೆಯ ಸುತ್ತಳತೆ ನೋಡಿದರು. ಇದು ಕೊಳೆ ಅಲ್ಲಮ್ಮ ಅಂದರು. ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಮಾತನ್ನು ದೇಹ ಸರಿಯಾಗಿ ಕೇಳದಿದ್ದಾಗ ಅದು ರಕ್ತದಲ್ಲಿ ಜಾಸ್ತಿಯಾಗುತ್ತೆ, ಆಗ ಕತ್ತು, ಕಂಕುಳಿನ ಚರ್ಮ ದಪ್ಪಗಾಗಿ ಹೀಗೆ ಕಪ್ಪಾಗಬಹುದು, ಮುಂದೆ ಸಕ್ಕರೆ ಕಾಯಿಲೆ ಬರಬಹುದು ಅನ್ನುವುದಕ್ಕೆ ಇದೊಂದು ಮುನ್ಸೂಚನೆ ಅಂತ ವಿವರಿಸಿದರು. ಆಮೇಲೆ ಒಂದು ಪ್ರಶ್ನೆ ಕೇಳಿದರು. "ದಿನಕ್ಕೆ ಎಷ್ಟು ಹೊತ್ತು ಆಡ್ತಾನೆ?"

ಹದಿನಾರು ವರ್ಷದ ಹುಡುಗ. ನಾನು ಅವನ ಮುಖ ನೋಡಿದೆ, ಅವನು ನೆಲ ನೋಡಿದ.

ಎರಡನೆಯದು ಮಗಳದ್ದು. ನಮ್ಮ ಮನೆ ಎರಡನೇ ಮಹಡಿಯಲ್ಲಿದೆ. ಅವಳು ಮೊದಲ ಮಹಡಿಗೆ ಬಂದು ಗೋಡೆ ಹಿಡಿದು ನಿಲ್ಲುತ್ತಿದ್ದಳು. ಮೈಗಳ್ಳಿ ಅಂತ ಎಷ್ಟು ಸಲ ಅಂದಿದ್ದೇನೋ ಲೆಕ್ಕವಿಲ್ಲ. ಅಣ್ಣನ ರಕ್ತ ಪರೀಕ್ಷೆ ಮಾಡಿಸುವಾಗ ಇವಳದೂ ಮಾಡಿಸಿದೆವು. ಹಿಮೋಗ್ಲೋಬಿನ್ 9.6. ಈ ವಯಸ್ಸಿನ ಹುಡುಗಿಗೆ 12 ಇರಬೇಕು. ರಕ್ತದಲ್ಲಿ ಆಮ್ಲಜನಕ ಹೊರುವ ಶಕ್ತಿಯೇ ಕಡಿಮೆ ಇದ್ದ ಮಗುವನ್ನು ನಾನು ಸೋಮಾರಿ ಅಂತ ಕರೆದಿದ್ದೆ. ಇವತ್ತಿಗೂ ಆ ಮಾತು ನೆನಪಾದರೆ ಹೊಟ್ಟೆಯಲ್ಲಿ ಸಂಕಟವಾಗುತ್ತೆ.

ಆ ರಾತ್ರಿ ಅವಳ ಕಂಪಾಸ್ ಬಾಕ್ಸ್ ತೆಗೆದು ನೋಡಿದೆ. ಸ್ಕೂಲಿನಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ನೀಲಿ ಮಾತ್ರೆ, ಐದು, ಕೋನಮಾಪಕದ ಕೆಳಗೆ ಸಾಲಾಗಿ ಇದ್ದವು. ಒಂದು ಸಲ ನುಂಗಿದಾಗ ಹೊಟ್ಟೆ ತೊಳಸಿತಂತೆ, ಅವತ್ತಿನಿಂದ ಬಾಯಲ್ಲಿಟ್ಟಂತೆ ಮಾಡಿ ತೆಗೆದಿಟ್ಟಿದ್ದಾಳೆ. ಗೆಳತಿಯರೂ ಹಾಗೇ ಮಾಡುತ್ತಾರಂತೆ. ಡಾಕ್ಟರು ಜಂತುಹುಳುವಿನ ಮಾತ್ರೆ ಕೊಟ್ಟು, ಕಬ್ಬಿಣಾಂಶದ ಮಾತ್ರೆಯನ್ನು ದಿನಾ ಊಟ ಆದಮೇಲೆ ನಿಂಬೆ ಪಾನಕದ ಜೊತೆ ತಗೊಳ್ಳಲು ಹೇಳಿದರು. ಚಹಾ ಮಾತ್ರ ಅದರ ಹತ್ತಿರ ಸುಳಿಯಬಾರದು. ಇದನ್ನು ಇಷ್ಟು ಬಿಡಿಸಿ ಬರೆಯುವುದಕ್ಕೆ ಕಾರಣ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇಕಡ 59 ಮಂದಿಗೆ ರಕ್ತಹೀನತೆ ಇತ್ತು. ಅರ್ಧಕ್ಕಿಂತ ಜಾಸ್ತಿ. ಹಾಗಾಗಿ ನಿಮ್ಮ ಮಗಳು ಎರಡು ಮೆಟ್ಟಿಲು ಹತ್ತಿ ಏದುಸಿರು ಬಿಟ್ಟರೆ ಓಡು ಅಂತ ಹೇಳುವ ಮುಂಚೆ ರಕ್ತ ನೋಡಿಸಿ. ಎರಡು ತಿಂಗಳು ತಡವಾದರೂ ಚಿಂತೆಯಿಲ್ಲ, ಅವಳಿಗೆ ಓಡುವ ಶಕ್ತಿ ಬರಲಿ.

ಈಗ ಆಟದ ಮಾತು. ಸ್ಕೂಲಿನಲ್ಲಿ ಪಿಟಿ ಪೀರಿಯಡ್ ಇರಬೇಕಲ್ಲ ಅಂತ ಮಗಳ ಟೈಮ್‌ಟೇಬಲ್ ನೋಡಿದೆ. ವಾರಕ್ಕೆ ಎರಡು ಇದೆ. ಕಾಗದದ ಮೇಲೆ. ಒಂದರಲ್ಲಿ ಗಣಿತ ನಡೆಯುತ್ತೆ, ಇನ್ನೊಂದರಲ್ಲಿ ವಿಜ್ಞಾನದ ನೋಟ್ಸ್. ಹತ್ತನೇ ಕ್ಲಾಸಿನವರಿಗಂತೂ ಗ್ರೌಂಡೇ ಕಾಣುವುದಿಲ್ಲ. ಶಿಕ್ಷಕರ ಕಷ್ಟ ನನಗೆ ಅರ್ಥವಾಗುತ್ತೆ. 2024ರ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ಯಾದಗಿರಿ ಜಿಲ್ಲೆ ರಾಜ್ಯಕ್ಕೇ ಕೊನೆ. 2025ರಲ್ಲಿ ನಮ್ಮ ಕಲಬುರಗಿ ಕೊನೆ. ಟಿವಿಯಲ್ಲಿ ಪಟ್ಟಿ ಬಂದಾಗ ನಾವು ಕೆಳಗಿನಿಂದ ಓದಲು ಶುರು ಮಾಡುತ್ತೇವೆ. ಅಷ್ಟು ನೋವಿದೆ. ಮೇಲಿನಿಂದ ಒತ್ತಡ ಬಂದಾಗ ಮೊದಲು ಕತ್ತರಿ ಬೀಳುವುದು ಆಟದ ಮೇಲೆ. ಆದರೆ ವಾರಕ್ಕೆ ಎರಡು ಪೀರಿಯಡ್ ಪಾಠ ಜಾಸ್ತಿ ಮಾಡಿದ್ದರಿಂದ ನಮ್ಮ ಫಲಿತಾಂಶ ಮೇಲೆ ಬಂತಾ? ಬಂದಿಲ್ಲ. ಶಿಕ್ಷಕರ ಕೊರತೆ, ಮನೆಯ ಬಡತನ, ತೊಗರಿ ರಾಶಿ ಹೊತ್ತಿಗೆ ಸ್ಕೂಲು ಬಿಡುವ ಮಕ್ಕಳು, ಕಾರಣಗಳು ಬೇರೆಯೇ ಇವೆ. ಗ್ರೌಂಡಿನ ತಪ್ಪು ಅದರಲ್ಲಿ ಏನೂ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿರುವ ಲೆಕ್ಕ ಇದು. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈ ಬಿಸಿಯಾಗುವಂತೆ ಓಡಾಡಬೇಕು. ಅದರಲ್ಲಿ ವಾರಕ್ಕೆ ಮೂರು ದಿನವಾದರೂ ಏದುಸಿರು ಬರುವಂಥ ಓಟ ಇರಬೇಕು, ಸ್ನಾಯು ಮತ್ತು ಮೂಳೆ ಗಟ್ಟಿ ಮಾಡುವ ಕಸರತ್ತೂ ಇರಬೇಕು. ಒಂದೇ ಪೆಟ್ಟಿಗೆ ಒಂದು ತಾಸು ಆಗಬೇಕು ಅಂತೇನಿಲ್ಲ. ಬೆಳಿಗ್ಗೆ 20, ಸಂಜೆ 40 ಆದರೂ ನಡೆಯುತ್ತೆ. ಸಾಕಷ್ಟು ಬಿಸಿಯಾಗಿದೆಯಾ ಅಂತ ತಿಳಿಯುವುದು ಸುಲಭ. ಆಡುತ್ತಾ ಮಾತಾಡಕ್ಕೆ ಬರುತ್ತೆ, ಆದರೆ ಹಾಡು ಹೇಳಕ್ಕೆ ಬರಲ್ಲ ಅನ್ನುವಷ್ಟು ಇದ್ದರೆ ಸರಿ. ಇದೇ ಸಂಸ್ಥೆ 2016ರ ಅಂಕಿ ಅಂಶಗಳನ್ನು ನೋಡಿದಾಗ ಜಗತ್ತಿನ 11ರಿಂದ 17 ವರ್ಷದ ಮಕ್ಕಳಲ್ಲಿ ಶೇಕಡ 81 ಮಂದಿಗೆ ಇಷ್ಟು ಓಡಾಟ ಇರಲಿಲ್ಲ. ಹುಡುಗಿಯರಲ್ಲಿ ಶೇಕಡ 85. ಅಂದರೆ ಇದು ನಮ್ಮ ಓಣಿಯೊಂದರ ಕಥೆಯಲ್ಲ.

ನನ್ನನ್ನು ನಿಜವಾಗಿ ಅಲುಗಾಡಿಸಿದ್ದು ಮೂಳೆಯ ವಿಷಯ. ಹುಡುಗಿಯರಲ್ಲಿ 18, ಹುಡುಗರಲ್ಲಿ 20 ವರ್ಷ ಆಗುವಷ್ಟರಲ್ಲಿ ಜೀವಮಾನದ ಮೂಳೆ ಗಟ್ಟಿತನದ ಸುಮಾರು ಶೇಕಡ 90 ಭಾಗ ಕೂಡಿ ಆಗಿರುತ್ತೆ. ಮುಂದೆ ಇಡೀ ಆಯುಷ್ಯ ಆ ಗಂಟನ್ನೇ ಖರ್ಚು ಮಾಡುವುದು. ನಮ್ಮವ್ವ 58ನೇ ವಯಸ್ಸಿನಲ್ಲಿ ಬಚ್ಚಲಲ್ಲಿ ಜಾರಿ, ಸುಮ್ನೆ ಕೈ ಊರಿದ್ದಕ್ಕೆ ಮಣಿಕಟ್ಟು ಮುರಿದುಕೊಂಡಳು. ಬೆಳೆಯುವ ವಯಸ್ಸಿನಲ್ಲಿ ಆಡುತ್ತಾ ಕಾಲು ನೆಲದ ಪೆಟ್ಟು ತಿಂದಷ್ಟೂ ಮೂಳೆ ಗಟ್ಟಿಯಾಗುತ್ತೆ. ಜಿಗಿಯಬೇಕು, ಓಡಬೇಕು, ಕುಣಿಯಬೇಕು. ಈಜು, ಸೈಕಲ್ ಎದೆಗೆ ಬಹಳ ಒಳ್ಳೆಯದು, ಆದರೆ ಅವುಗಳಲ್ಲಿ ಮೂಳೆಗೆ ಈ ಪೆಟ್ಟು ಸಿಗುವುದಿಲ್ಲ. ನಾವು ನೋಡಿದರೆ ಸರಿಯಾಗಿ ಹದಿಮೂರು, ಹದಿನಾಲ್ಕಕ್ಕೆ, ಮೈ ನೆರೆದ ಹೊತ್ತಿಗೆ, ಹುಡುಗಿಗೆ "ಇನ್ನ ಜಿಗಿದಾಡಬ್ಯಾಡ" ಅನ್ನುತ್ತೇವೆ. ಮೂಳೆ ತುಂಬಿಕೊಳ್ಳುವ ಕಾಲಕ್ಕೇ ಬಾಗಿಲು ಹಾಕುತ್ತೇವೆ.

ಅಷ್ಟೊತ್ತಿಗೆ ನಮ್ಮಪ್ಪ ಊರಿನಿಂದ ಬಂದ. ಆಳಂದ ಕಡೆಯ ಹಳ್ಳಿ. ವಯಸ್ಸು 74. ಕಣ್ಣಿನ ಪೊರೆ ಆಪರೇಷನ್ ಆಗಿ ಒಂದು ತಿಂಗಳು ನಮ್ಮಲ್ಲೇ ಇದ್ದ. ಮಕ್ಕಳಿಗೆ ಮುತ್ಯಾ. ಹರೆಯದಲ್ಲಿ ಊರಿನ ತಾಲೀಮಿನಲ್ಲಿ, ಅಂದರೆ ಗರಡಿ ಮನೆಯಲ್ಲಿ, ಸಾಮು ಮಾಡಿದವನು, ಜಾತ್ರೆಗಳಲ್ಲಿ ಕುಸ್ತಿ ಹಿಡಿದವನು, ಸಂಗ್ರಾಣಿ ಕಲ್ಲು ಎತ್ತಿದವನು. ಆ ತಾಲೀಮಿನಲ್ಲಿ ಹನುಮಪ್ಪನ ಫೋಟೋ ಕೆಳಗೆ ಹಿಂದೂಗಳ ಮಕ್ಕಳೂ ಮುಸಲ್ಮಾನರ ಮಕ್ಕಳೂ ಒಂದೇ ಕೆಂಪು ಮಣ್ಣು ಮೈಗೆ ಬಳಿದುಕೊಂಡು ದಂಡ ಹೊಡೆಯುತ್ತಿದ್ದರಂತೆ.

ಒಂದು ಸಂಜೆ ಮಗಳು ಸ್ಕೂಲಿನಿಂದ ಮುಖ ಊದಿಸಿಕೊಂಡು ಬಂದಳು. ಹೋಮ್‌ವರ್ಕ್ ಮಾಡಿಲ್ಲ ಅಂತ ಎಲ್ಲರೆದುರು ಹತ್ತು ಬಸ್ಕಿ ಹೊಡೆಸಿದ್ದರು. ನಾಲ್ಕಕ್ಕೇ ಕಾಲು ನಡುಗಿ ಬಿದ್ದಿದ್ದಳು, ಹುಡುಗರು ನಕ್ಕಿದ್ದರು. ಅಪ್ಪ ಕೇಳಿ ಸುಮ್ಮನೆ ಕೂತ. ಸ್ವಲ್ಪ ಹೊತ್ತಾದಮೇಲೆ, "ಬಸ್ಕಿ ಯಾವಾಗ ಶಿಕ್ಷೆ ಆತು?" ಅಂದ. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ನೋವಿತ್ತು. ನನಗೂ ಆಗಲೇ ಹೊಳೆಯಿತು. ನಮ್ಮ ಮಕ್ಕಳಿಗೆ ಗೊತ್ತಿರುವ ವ್ಯಾಯಾಮ ಅಂದರೆ ಬಸ್ಕಿ ಹೊಡೆಯುವುದು, ಗ್ರೌಂಡು ಸುತ್ತುವುದು. ಎರಡೂ ತಪ್ಪು ಮಾಡಿದ್ದಕ್ಕೆ ಸಿಗುತ್ತವೆ. ದೇಹ ದಣಿಯುವುದು ಅವಮಾನ ಅಂತ ಕಲಿಸಿಬಿಟ್ಟು, ಆಮೇಲೆ ಯಾಕೆ ವ್ಯಾಯಾಮ ಮಾಡಲ್ಲ ಅಂತ ಕೇಳುತ್ತೇವಲ್ವಾ?

ಮಾರನೇ ದಿನ ಬೆಳಿಗ್ಗೆ ಅಪ್ಪ ಮಾಳಿಗೆಗೆ ಕುರ್ಚಿ ಹಾಕಿಸಿಕೊಂಡ. ಬಗ್ಗಬಾರದು, ಭಾರ ಎತ್ತಬಾರದು ಅಂತ ಡಾಕ್ಟರು ಹೇಳಿದ್ದರು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಮೊದಲೇ ಮಂಜು. ಮೊಮ್ಮಗಳನ್ನು ಎದುರು ನಿಲ್ಲಿಸಿಕೊಂಡ. ನೋಡುವುದು ಅವನಿಗೆ ಆಗುತ್ತಿರಲಿಲ್ಲ, ಬರೀ ಕೇಳುತ್ತಿದ್ದ. ಅವಳು ಕೂತಳು, ಎದ್ದಳು. "ಧಪ್ ಅಂತ ಬೀಳಬ್ಯಾಡವ್ವಾ. ಬೆಕ್ಕು ಗ್ವಾಡಿ ಮ್ಯಾಲಿಂದ ಇಳಿತದಲ, ಹಂಗ ಇಳಿ." ಮತ್ತೆ ಕೂತಳು. "ಉಸಿರು ಹಿಡದೀ ನೀ. ಇಳಿಯುವಾಗ ತಗೋ, ಏಳುವಾಗ ಬಿಡು." ಶಹಾಬಾದ್ ಕಲ್ಲಿನ ಫರ್ಸಿಯ ಮೇಲೆ ಅವಳ ಹಿಮ್ಮಡಿಯ ಸಪ್ಪಳ ಕೇಳಿಯೇ ಯಾವ ಕಾಲಿನ ಮೇಲೆ ಭಾರ ಜಾಸ್ತಿ ಬೀಳುತ್ತಿದೆ ಅಂತ ಹೇಳುತ್ತಿದ್ದ. ಆರಕ್ಕೆ ನಿಲ್ಲಿಸಿದ. ಇನ್ನೂ ಮಾಡ್ತೀನಿ ಮುತ್ಯಾ ಅಂದಳು. "ನಾಳಿಗಿ ಉಳಿಸು" ಅಂದ.

ವಾರಕ್ಕೆ ಎರಡೆರಡು ಏರಿಸಿದ. ಊರಿಗೆ ಹೊರಡುವ ದಿನ ಅವಳು ಹದಿನಾಲ್ಕು ಹೊಡೆದು ಎದ್ದು ನಿಂತಿದ್ದಳು.

ಅಪ್ಪನ ಹತ್ತಿರ ಇದ್ದ ಬುದ್ಧಿ ಇಷ್ಟೇ, ಇವತ್ತಿನ ದಣಿವು ನಾಳೆಯ ಆಸೆಯನ್ನು ಕೊಲ್ಲಬಾರದು. ಮೈಭಾರವನ್ನೇ ಎತ್ತುವ ದಂಡ, ಬಸ್ಕಿ, ಬೇವಿನ ಕೊಂಬೆಗೆ ಜೋತುಬಿದ್ದು ಮೇಲೇಳುವುದು, ಇವೆಲ್ಲ ಸ್ನಾಯು ಕಟ್ಟುವ ಕಸರತ್ತುಗಳೇ. ಈ ವಯಸ್ಸಿನಲ್ಲಿ ಭಾರ ಎತ್ತಿದರೆ ಎತ್ತರ ನಿಲ್ಲುತ್ತೆ ಅನ್ನುವ ಹೆದರಿಕೆ ನಮ್ಮ ಕಡೆ ಬಹಳ ಇದೆ. ಸರಿಯಾಗಿ ಹೇಳಿಕೊಡುವವರು ಇದ್ದು, ಹಂತ ಹಂತವಾಗಿ ಮಾಡಿದರೆ ಹಾಗಾಗುವುದಿಲ್ಲ. ತೊಂದರೆ ಆಗುವುದು ಗೆಳೆಯರ ಮುಂದೆ ಜೋರು ತೋರಿಸಲು ಹೋದಾಗ. ಮೊಣಕಾಲ ಚಿಪ್ಪಿನ ಕೆಳಗೆ ಗಂಟಿನಂತೆ ಉಬ್ಬಿ ನೋಯುತ್ತಿದ್ದರೆ ಮಾತ್ರ ಕೆಲವು ದಿನ ಜಿಗಿತ ನಿಲ್ಲಿಸಿ ತೋರಿಸಬೇಕು. ಬೆಳೆಯುವ ಮೂಳೆಯನ್ನು ಸ್ನಾಯು ಎಳೆದಾಗ ಆಟಗಾರ ಮಕ್ಕಳಿಗೆ ಅದು ಬರುತ್ತೆ, ವಿಶ್ರಾಂತಿ ಕೊಟ್ಟರೆ ಹೋಗುತ್ತೆ.

ಹುಡುಗನ ದಾರಿ ಬೇರೆ. ಅವನಿಗೆ ಒಂದೇ ಸಲ ಜಿಮ್‌ಗೆ ಸೇರಿ ಎರಡು ತಿಂಗಳಲ್ಲಿ ಮೈ ಕಟ್ಟಬೇಕಿತ್ತು. ಕೋಚಿಂಗಿನ ಗೆಳೆಯನೊಬ್ಬ ಯಾವುದೋ ಪೌಡರ್ ಡಬ್ಬಿ ತಗೋ ಅಂದಿದ್ದ. ನಾನು ಬೇಡ ಅಂದೆ, ಈಗಲೂ ಬೇಡವೇ ಅನ್ನುತ್ತೇನೆ. ತೊಗರಿ ಬೇಳೆಯ ನಾಡಿನಲ್ಲಿ ಕೂತು, ಡಬ್ಬಿಯಲ್ಲಿ ಏನಿದೆ ಅಂತ ಗೊತ್ತಿಲ್ಲದ ಪುಡಿಗೆ ಸಾವಿರಾರು ರೂಪಾಯಿ ಕೊಡಬೇಕಾಗಿಲ್ಲ. ನೂರು ಗ್ರಾಂ ತೊಗರಿ ಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ, ಶೇಂಗಾದಲ್ಲಿ 25ರ ಹತ್ತಿರ. ಜೋಳದ ರೊಟ್ಟಿ, ಗಟ್ಟಿ ಬೇಳೆ, ಮೊಳಕೆ ಹೆಸರು, ಶೇಂಗಾ ಹಿಂಡಿ, ಮೊಸರು, ತಿನ್ನುವವರಿಗೆ ಮೊಟ್ಟೆ. ಹದಿನಾರರ ಮೈಗೆ ಇದು ಸಾಕು.

ಬೆಳಿಗ್ಗೆ ಐದೂವರೆಗೆ ಅವನನ್ನು ಎಬ್ಬಿಸಿ ಕಲಬುರಗಿಯಲ್ಲಿ 'ಅಪ್ಪನ ಕೆರೆ' ಅನ್ನುವ ಕೆರೆಗೆ ಕರೆದುಕೊಂಡು ಹೋದೆ. ಮೊದಲ ವಾರ ಬರೀ ನಡಿಗೆ. ಎರಡನೇ ವಾರದಿಂದ ಕಂಬದ ಲೆಕ್ಕ. ಒಂದು ಲೈಟ್ ಕಂಬದಿಂದ ಮುಂದಿನ ಕಂಬಕ್ಕೆ ಓಟ, ಅಲ್ಲಿಂದ ಎರಡು ಕಂಬ ನಡಿಗೆ, ಮತ್ತೆ ಓಟ. ಮೂರನೇ ತಿಂಗಳಿಗೆ ಓಟ ಎರಡು ಕಂಬ, ನಡಿಗೆ ಒಂದು. ಕಾಲಿನ ಸ್ನಾಯು ದುಡಿಯುವಾಗ ರಕ್ತದಲ್ಲಿನ ಸಕ್ಕರೆಯನ್ನು ಇನ್ಸುಲಿನ್ ಕಡೆ ಜಾಸ್ತಿ ನೋಡದೆ ತಾನೇ ಎಳೆದುಕೊಳ್ಳುತ್ತೆ. ದುಡಿದ ಮೇಲೂ ಆ ಗುಣ ಒಂದು ದಿನದ ಮಟ್ಟಿಗೆ ಉಳಿಯುತ್ತೆ. ಅದಕ್ಕೇ ವಾರಕ್ಕೊಮ್ಮೆ ಮೂರು ತಾಸು ಆಡಿ ಸುಸ್ತಾಗುವುದಕ್ಕಿಂತ ದಿನಾ ಅರ್ಧ ತಾಸು ಓಡುವುದು ಇಂಥ ಹುಡುಗನಿಗೆ ಮುಖ್ಯ. ಕತ್ತಿನ ಪಟ್ಟಿ ಪೂರ್ತಿ ಹೋಗಿಲ್ಲ. ಅಂಚು ತಿಳಿಯಾಗಿದೆ. ನಾನು ಉಜ್ಜುವುದನ್ನು ಬಿಟ್ಟಿದ್ದೇನೆ.

ಅವನಲ್ಲಿ ನಾನು ಕಂಡ ದೊಡ್ಡ ಬದಲಾವಣೆ ನಿದ್ದೆ. ಈ ವಯಸ್ಸಿಗೆ 8ರಿಂದ 10 ತಾಸು ನಿದ್ದೆ ಬೇಕು. ಇವನು ಒಂದು ಗಂಟೆಗೆ ಮಲಗಿ ಆರಕ್ಕೆ ಏಳುತ್ತಿದ್ದ. ಓಟ ಶುರುವಾದಮೇಲೆ ಹತ್ತೂವರೆಗೇ ಕಣ್ಣು ಎಳೆಯುತ್ತೆ. ಮೊದಮೊದಲು ಅಕ್ಕ ಫೋನಿನಲ್ಲಿ ಗಾಬರಿಯಾದಳು. "ಅಷ್ಟ್ ಬೇಗ ಮಲಗಿದ್ರ ಓದೋದು ಯಾವಾಗ?" ಓಡಿ ಬಂದು, ಮೈ ತೊಳೆದು, ಏಳು ಗಂಟೆಗೆ ಪುಸ್ತಕ ಹಿಡಿದರೆ ಮೊದಲ ಒಂದು ತಾಸು ಅವನ ತಲೆ ಎಷ್ಟು ಚುರುಕಾಗಿರುತ್ತೆ ಅಂತ ಅವನೇ ತಾಯಿಗೆ ಹೇಳಿದ. ಕಸರತ್ತು ಆದ ಮೇಲೆ ಸ್ವಲ್ಪ ಹೊತ್ತು ಗಮನ ಚೆನ್ನಾಗಿ ನಿಲ್ಲುತ್ತೆ, ನಿಜ. ಆದರೆ ಓಡಿದರೆ ರ‍್ಯಾಂಕ್ ಬರುತ್ತೆ ಅಂತ ನಾನು ಯಾರಿಗೂ ಹೇಳಲ್ಲ. ಮಾರ್ಕ್ಸಿಗಾಗಿ ಓಡಿಸಲು ಹೋದರೆ ಓಟವೂ ಇನ್ನೊಂದು ಟ್ಯೂಷನ್ ಆಗಿಬಿಡುತ್ತೆ. ಅವನು ಮನಸ್ಸು ಬಿಚ್ಚಿ ಮಾತಾಡಿದ್ದೂ ಕೆರೆಯ ದಂಡೆಯಲ್ಲೇ. ಮನೆ ನೆನಪು, ಟೆಸ್ಟಿನ ಭಯ, ಬೀದರ್ ಕೋಟೆಯಲ್ಲಿ ಗೆಳೆಯರ ಜೊತೆ ಅಡ್ಡಾಡುತ್ತಿದ್ದ ಭಾನುವಾರಗಳು. ಮುಖಾಮುಖಿ ಕೂತರೆ ಹದಿನಾರರ ಹುಡುಗ ಬಾಯಿ ಬಿಡಲ್ಲ. ಪಕ್ಕದಲ್ಲಿ ನಡೆದರೆ ಮಾತಾಡುತ್ತಾನೆ.

ನಮ್ಮ ಬಿಸಿಲಿನ ಬಗ್ಗೆ ಹೇಳದಿದ್ದರೆ ಈ ಬರಹ ಬೇರೆ ಯಾವುದೋ ಊರಿನದಾಗುತ್ತೆ. ಏಪ್ರಿಲ್, ಮೇನಲ್ಲಿ ಇಲ್ಲಿ 42, 43 ಡಿಗ್ರಿ ಮಾಮೂಲು. ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳನ್ನೇ ಆ ಎರಡು ತಿಂಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ಕ್ಕೆ ಮಾಡುತ್ತಾರೆ. ದೊಡ್ಡವರಿಗೆ ಆ ಕಾಳಜಿ ಇದ್ದಮೇಲೆ ಬೇಸಿಗೆ ಶಿಬಿರ ಅಂತ ಮಕ್ಕಳನ್ನು ಹನ್ನೊಂದು ಗಂಟೆಗೆ ಗ್ರೌಂಡಿನಲ್ಲಿ ನಿಲ್ಲಿಸುವುದು ಯಾವ ನ್ಯಾಯ? ಏಳರೊಳಗೆ ಮುಗಿಯಬೇಕು, ಇಲ್ಲವೇ ಸಂಜೆ ಆರರ ಮೇಲೆ. ಬಾಯಾರಿಕೆಗೆ ಕಾಯದೆ ನೀರು, ಉಪ್ಪು ಹಾಕಿದ ಮಜ್ಜಿಗೆ. ಆಡುವಾಗ ತಲೆ ಸುತ್ತು, ವಾಂತಿ ಬಂದರೆ ಅಲ್ಲೇ ನಿಲ್ಲಿಸಿ ನೆರಳಿಗೆ ಕರೆದುಕೊಂಡು ಹೋಗಿ, ಮೈಗೆ ನೀರು ಹಾಕಿ ಗಾಳಿ ಬೀಸಬೇಕು. ಮಾತು ತಡವರಿಸಿದರೆ ಮನೆಗಲ್ಲ, ನೇರ ಆಸ್ಪತ್ರೆಗೆ.

ಮಗಳು ಬಸ್ಕಿಯಿಂದ ಹಗ್ಗಕ್ಕೆ ಬಂದಳು. ಅಂಗಡಿಯ ಪ್ಲಾಸ್ಟಿಕ್ ಹಗ್ಗ ಗಾಳಿಗೆ ಹಾರುತ್ತೆ ಅಂತ ಊರಿನಿಂದ ಮುತ್ಯಾ ನೂಲಿನ ಹಗ್ಗ ಹೊಸೆದು ಕಳಿಸಿದ. ಎರಡೂ ತುದಿಗೆ ಗಂಟು, ಮಧ್ಯ ಸ್ವಲ್ಪ ದಪ್ಪ, ತಿರುಗಿಸಿದರೆ ಗುಂಯ್ ಅನ್ನುತ್ತೆ. ಫರ್ಸಿಯ ಮೇಲೆ ಜಿಗಿದು ಮೊದಲು ಮೊಣಕಾಲು ಕೆಳಗೆ ಮುಂದಿನ ಎಲುಬಿನಲ್ಲಿ ನೋವು ಬಂತು. ಈಗ ಮನೆ ಹಿಂದಿನ ಮಣ್ಣಿನ ಜಾಗದಲ್ಲಿ, ಶೂ ಹಾಕಿಕೊಂಡು. ಮುಟ್ಟಿನ ದಿನ ಜಿಗಿಯಬಹುದಾ ಅಂತ ಕೇಳಿದಳು. ಜಿಗಿಯಬಹುದು. ಹಗುರ ಕಸರತ್ತಿನಿಂದ ಎಷ್ಟೋ ಹುಡುಗಿಯರಿಗೆ ಹೊಟ್ಟೆನೋವು ಕಡಿಮೆಯಾಗುತ್ತೆ, ಬೇಡ ಅನಿಸಿದರೆ ಆ ದಿನ ಬಿಡಲಿ. ಇನ್ನೊಂದು ವಿಷಯವನ್ನು ತಾಯಂದಿರೇ ಕೇಳಿ ತಿಳಿಯಬೇಕು. ಎದೆಗೆ ಬಿಗಿಯಾಗಿ ಕೂರುವ ಆಟದ ಒಳಉಡುಪು ಇಲ್ಲದೆ ಎಷ್ಟೋ ಹುಡುಗಿಯರು ಓಡುವುದನ್ನೇ ಬಿಟ್ಟಿದ್ದಾರೆ, ನಾಚಿಕೆಗೆ ಯಾರ ಹತ್ತಿರವೂ ಹೇಳಲ್ಲ. ನನ್ನ ಮಗಳೂ ಹೇಳಿರಲಿಲ್ಲ.

ಜನವರಿಯಲ್ಲಿ ಅವಳು ಖೋಖೋಗೆ ಸೇರಿದಳು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ನಡೆದು ನಮ್ಮ ಹುಡುಗರೂ ಹುಡುಗಿಯರೂ ಇಬ್ಬರೂ ಗೆದ್ದಿದ್ದು ಅವಳ ಸ್ಕೂಲಿನ ಪಿಟಿ ಮೇಡಂಗೆ ದೊಡ್ಡ ಬಲ ಕೊಟ್ಟಿತ್ತು. ಮುಖ್ಯೋಪಾಧ್ಯಾಯರ ಹತ್ತಿರ ನಾವು ನಾಲ್ಕು ಜನ ತಾಯಂದಿರು ಹೋಗಿ ಕೇಳಿದೆವು. ಗಣಿತಕ್ಕೆ ಕೊಟ್ಟ ಪೀರಿಯಡ್ ವಾಪಸ್ ಸಿಗಲಿಲ್ಲ, ಆದರೆ ಸ್ಕೂಲು ಬಿಟ್ಟ ಮೇಲೆ ಗ್ರೌಂಡ್ ಕೊಡಲು ಒಪ್ಪಿದರು. ಖೋಖೋಗೆ ಬ್ಯಾಟು ಬೇಡ, ನೆಟ್ಟು ಬೇಡ, ಎರಡು ಕಂಬ ಸಾಕು. ಸಾಲಿನಲ್ಲಿ ಕುಕ್ಕರುಗಾಲಲ್ಲಿ ಕೂರುವುದು ಅರ್ಧ ಬಸ್ಕಿಯೇ. ಖೋ ಅಂದ ಕೂಡಲೇ ಚಿಮ್ಮಿ ಏಳುವುದು, ಕಂಬ ಹಿಡಿದು ತಿರುಗುವುದು, ನೆಲಕ್ಕೆ ಉರುಳಿ ಮುಟ್ಟುವುದು. ಎದೆ, ಕಾಲು, ಮೂಳೆ, ಕಣ್ಣು ಎಲ್ಲದಕ್ಕೂ ಒಂದೇ ಆಟದಲ್ಲಿ ಕೆಲಸ. ಜೊತೆಗೆ ಬೆನ್ನ ಹಿಂದೆ ಗೆಳತಿ ಖೋ ಅನ್ನುತ್ತಾಳೆ ಅನ್ನುವ ನಂಬಿಕೆ. ಹಿಮೋಗ್ಲೋಬಿನ್ ಈಗ 11.8.

ಒಂದೇ ತೊಡಕು ಉಳಿದಿದೆ. ಪ್ರಾಕ್ಟೀಸ್ ಮುಗಿಯುವುದು ಸಂಜೆ ಆರೂವರೆಗೆ. ಗ್ರೌಂಡಿನಿಂದ ಮೇನ್ ರೋಡಿಗೆ ಬರುವ ದಾರಿಯಲ್ಲಿ ದೀಪವಿಲ್ಲ. ಅದೇ ಕಾರಣಕ್ಕೆ ಇಬ್ಬರು ಹುಡುಗಿಯರನ್ನು ಮನೆಯವರು ಬಿಡಿಸಿಬಿಟ್ಟಿದ್ದರು. ದೀಪ ಹಾಕಿಸಿ ಅಂತ ಅರ್ಜಿ ಕೊಟ್ಟು ಕಾಯುತ್ತಿದ್ದೇವೆ. ಅಲ್ಲಿಯವರೆಗೆ ಆ ನಾಲ್ಕು ತಾಯಂದಿರು ಪಾಳಿ ಹಾಕಿಕೊಂಡಿದ್ದೇವೆ, ವಾರಕ್ಕೊಬ್ಬರು ಹೋಗಿ ಎಲ್ಲ ಹುಡುಗಿಯರನ್ನೂ ಜೊತೆಗೆ ನಡೆಸಿಕೊಂಡು ಬರುವುದು. ಬಿಟ್ಟಿದ್ದ ಇಬ್ಬರೂ ವಾಪಸ್ ಬಂದಿದ್ದಾರೆ. ಈ ವಾರ ನನ್ನ ಪಾಳಿ. ಈಗ ಆರಕ್ಕೆ ಹತ್ತು ನಿಮಿಷ ಇದೆ, ಟಾರ್ಚ್ ತಗೊಂಡು ಹೊರಡಬೇಕು.